ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಮಾರ್ಚ್ 3 ಯಾಕೆ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ನಾನು ಅಧ್ಯಾಪಕ. ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಉಬುಂಟು ಲಿನಕ್ಸ್ ಇದೆ. ಅಂಕಪಟ್ಟಿ, ಹಾಜರಿ, ವಾರ್ಷಿಕ ಸಂಚಿಕೆಯ ಫೈಲುಗಳು ಎಲ್ಲ ಅದರಲ್ಲೇ. ಶಾಲೆ ಇರುವ ದಿನಗಳಲ್ಲಿ ರಾತ್ರಿಯೂ ಆನ್ ಇಡುತ್ತೇವೆ. 2 ಗಂಟೆಗೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಶುರುಮಾಡುವ ವ್ಯವಸ್ಥೆ) ಮೂಲಕ ನಾನು ಬರೆದ ಶೆಲ್ ಸ್ಕ್ರಿಪ್ಟ್, ಅಂದರೆ ಕಮ್ಯಾಂಡುಗಳ ಪಟ್ಟಿ, ಓಡಿ ಬ್ಯಾಕಪ್ ಮಾಡುತ್ತದೆ. 'ಇಂಥ ದಿನದವರೆಗೆ ಇಡಬೇಕು' ಎಂಬ ಮುಂದಿನ ತಾರೀಕನ್ನು ಫೈಲಿನ ಹೆಸರಲ್ಲೇ ಬರೆಸುತ್ತೇನೆ. ತಾರೀಕು ದಾಟಿದ್ದನ್ನು ಸ್ಕ್ರಿಪ್ಟೇ ಅಳಿಸುತ್ತದೆ. ದಿನದ ಬ್ಯಾಕಪ್ ಒಂದು ತಿಂಗಳು, ತಿಂಗಳ ಕೊನೆಯದು ಒಂದು ವರ್ಷ, ಮಾರ್ಚ್ 31ರದ್ದು ಹತ್ತು ವರ್ಷ. ಈಗ ನೋಡಿದರೆ ಜನವರಿ 31ರ ಫೈಲಿಗೆ ಮಾರ್ಚ್ 3 ಎಂದು ಬಿದ್ದಿದೆ. ಪ್ರತಿ ತಿಂಗಳು 8 ಮತ್ತು 9ನೇ ತಾರೀಕಿಗೆ ಸ್ಕ್ರಿಪ್ಟ್ ಅರ್ಧದಲ್ಲೇ ನಿಲ್ಲುತ್ತದೆ. ಮಗನ ಮ್ಯಾಕ್‌ನಲ್ಲಿ ಓಡುವುದೇ ಇಲ್ಲ. ತಪ್ಪು ಎಲ್ಲಿದೆ?

ಉತ್ತರ: ಮಾಷ್ಟ್ರೇ, ಮೊದಲು ಮಾರ್ಚ್ 3ರ ವಿಷಯ. ಕಮ್ಯಾಂಡುಗಳನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ. ಟೈಪ್ ಮಾಡುವುದು ನಿಮಗೆ ಗೊತ್ತೇ ಇದೆ.

ನಿಮ್ಮ ಉಬುಂಟುವಿನಲ್ಲಿ ಇರುವುದು ಗ್ನೂ ಡೇಟ್, ಅಂದರೆ ಗ್ನೂ ಯೋಜನೆಯವರು ಬರೆದ, ತಾರೀಕು ಲೆಕ್ಕ ಹಾಕುವ ಕಮ್ಯಾಂಡ್. ಅದಕ್ಕೆ 'ಪ್ಲಸ್ ಒನ್ ಮಂತ್' ಎಂದು ಹೇಳಿದರೆ ತಿಂಗಳಿನ ಅಂಕಿಗೆ ಒಂದು ಸೇರಿಸುತ್ತದೆ, ತಾರೀಕನ್ನು ಮುಟ್ಟುವುದಿಲ್ಲ. ಜನವರಿ 31 ಹೋಗಿ ಫೆಬ್ರವರಿ 31 ಆಗುತ್ತದೆ. ಅಂಥ ದಿನ ಇಲ್ಲ ಅಲ್ವಾ? ಫೆಬ್ರವರಿ 28ಕ್ಕೆ ಮುಗಿಯುತ್ತದೆ, ಉಳಿದ ಮೂರು ದಿನ ಮುಂದಕ್ಕೆ ಹರಿದು ಮಾರ್ಚ್ 3 ಬರುತ್ತದೆ. ಅಧಿಕ ವರ್ಷವಾದರೆ ಮಾರ್ಚ್ 2. ಹಾಗೆಯೇ ಫೆಬ್ರವರಿ 29ಕ್ಕೆ ಒಂದು ವರ್ಷ ಕೂಡಿಸಿದರೆ ಮರುವರ್ಷದ ಮಾರ್ಚ್ 1. ಮಗನ ಮ್ಯಾಕ್‌ನಲ್ಲಿರುವ ಡೇಟ್ ಬೇರೆ ಜಾತಿ, ಬಿಎಸ್‌ಡಿ ಎಂಬ ಇನ್ನೊಂದು ಯುನಿಕ್ಸ್ ವಂಶದ್ದು. ಅದು ಅದೇ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿ ಫೆಬ್ರವರಿ ಕೊನೆಯ ದಿನದಲ್ಲೇ ನಿಲ್ಲುತ್ತದೆ. ಯಾವುದು ಸರಿ ಎಂದರೆ ಎರಡಕ್ಕೂ ವಾದ ಇದೆ. ತಿಂಗಳು ಎಂಬುದೇ ಗಟ್ಟಿ ಅಳತೆ ಅಲ್ಲ. ಇದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಗೋಡೆಯಲ್ಲಿ ಇಂಗ್ಲಿಷ್ ತಿಂಗಳು, 29ರಿಂದ 32 ದಿನದವರೆಗೆ ಹಿಗ್ಗಿ ಕುಗ್ಗುವ ಮಲಯಾಳ ತಿಂಗಳು, ಪಂಚಾಂಗದ ಚಾಂದ್ರಮಾನ ತಿಂಗಳು ಮೂರೂ ನೇತಾಡುತ್ತಿರುತ್ತವೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಬ್ಯಾಕಪ್ ಇಡುವ ಅವಧಿಯನ್ನು ದಿನದಲ್ಲೇ ಹೇಳಿ. ಒಂದು ತಿಂಗಳು ಎನ್ನುವಲ್ಲಿ 31 ದಿನ. ಒಂದು ವರ್ಷ ಎನ್ನುವಲ್ಲಿ 366 ದಿನ. ಹತ್ತು ವರ್ಷದಲ್ಲಿ ಅಧಿಕ ದಿನ ಮೂರು ಬಂದರೂ 3653 ದಿನ ಸಾಕು. ಒಂದೆರಡು ದಿನ ಜಾಸ್ತಿ ಇಟ್ಟರೆ ಯಾರಿಗೂ ನಷ್ಟ ಇಲ್ಲ. ಕಡಿಮೆಯಾದರೆ ಮಾತ್ರ ತೊಂದರೆ. ಡೇಟ್ ಕಮ್ಯಾಂಡಿಗೆ ಮೈನಸ್ ಡಿ, ಅದರ ಮುಂದೆ ಕೋಟ್‌ಗಳ ಒಳಗೆ 'ಪ್ಲಸ್ 31 ಡೇಸ್' ಎಂದು ಕೊಟ್ಟರೆ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದಷ್ಟೇ ಖಚಿತವಾಗಿ ತಾರೀಕು ಸಿಗುತ್ತದೆ.

ನಿಮ್ಮ ಮಾರ್ಚ್ 3ರಿಂದ ಅಪಾಯವೇನೂ ಆಗಿಲ್ಲ, ಫೈಲು ಮೂರು ದಿನ ಜಾಸ್ತಿ ಬದುಕುತ್ತದೆ ಅಷ್ಟೆ. ಅಪಾಯ ಇರುವುದು ಹಿಂದಕ್ಕೆ ಎಣಿಸುವಾಗ. ಮಾರ್ಚ್ 31ರಂದು 'ಮೈನಸ್ ಒನ್ ಮಂತ್' ಕೇಳಿದರೆ ಫೆಬ್ರವರಿ 31 ಆಗಿ, ಮತ್ತೆ ಅದೇ ಮಾರ್ಚ್ 3ಕ್ಕೆ ಬಂದು ನಿಲ್ಲುತ್ತದೆ. ಹೋದ ತಿಂಗಳ ಹೆಸರಿನ ಫೋಲ್ಡರ್ ಬೇಕು ಎಂದು ಈ ಲೆಕ್ಕದಿಂದ ತಿಂಗಳು ತೆಗೆದರೆ ಫೆಬ್ರವರಿಯ ಬದಲು ಮಾರ್ಚ್ ಸಿಗುತ್ತದೆ. ಸ್ಕ್ರಿಪ್ಟ್ ತಪ್ಪು ಫೋಲ್ಡರಿನ ಮೇಲೆ ಬರೆಯುತ್ತದೆ, ಎರರ್ ಮೆಸೇಜ್ ಕೂಡ ಬರುವುದಿಲ್ಲ. ಹೋದ ತಿಂಗಳು ಯಾವುದು ಎಂದು ತಿಳಿಯಬೇಕಾದರೆ ಈ ತಿಂಗಳ 15ನೇ ತಾರೀಕನ್ನು ಹಿಡಿದು ಅಲ್ಲಿಂದ ಒಂದು ತಿಂಗಳು ಹಿಂದೆ ಹೋಗಿ. 15 ಇಲ್ಲದ ತಿಂಗಳು ಇಲ್ಲವಲ್ಲ. ಗ್ನೂ ಕೈಪಿಡಿಯೂ ಇದೇ ಉಪಾಯ ಹೇಳುತ್ತದೆ.

8 ಮತ್ತು 9ನೇ ತಾರೀಕಿನ ಕಾಟ ಹಳೆಯದು. ಡೇಟ್ ಕೊಡುವ ದಿನದ ಅಂಕಿ 08, 09 ಎಂದು ಸೊನ್ನೆ ಸೇರಿಸಿಕೊಂಡು ಬರುತ್ತದೆ. ನಿಮ್ಮ ಸ್ಕ್ರಿಪ್ಟನ್ನು ಓಡಿಸುವ ಬ್ಯಾಶ್‌ನ ಜೋಡಿ ಬ್ರಾಕೆಟಿನ ಲೆಕ್ಕದಲ್ಲಿ ಸೊನ್ನೆಯಿಂದ ಶುರುವಾಗುವ ಅಂಕಿ ಎಂದರೆ ಆಕ್ಟಲ್, ಅಂದರೆ ಎಂಟರ ಪದ್ಧತಿ. ಅದರಲ್ಲಿ 7ರ ಮೇಲೆ ಅಂಕಿಯೇ ಇಲ್ಲ. 01ರಿಂದ 07ರವರೆಗೆ ಸುಮ್ನೆ ದಾಟಿಹೋಗುತ್ತದೆ, 08ಕ್ಕೆ ಮುಗ್ಗರಿಸುತ್ತದೆ, 10ಕ್ಕೆ ಮತ್ತೆ ಸರಿಯಾಗುತ್ತದೆ. ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ತಿಂಗಳಿನ ಅಂಕಿಯನ್ನು ಬಳಸಿದರೂ ಇದೇ ಕಥೆ. ಮದ್ದು ಎರಡಿದೆ. ಲೆಕ್ಕದೊಳಗೆ ವೇರಿಯಬಲ್‌ಗಿಂತ ಮೊದಲು '10#' ಎಂದು ಬರೆದರೆ ಹತ್ತರ ಪದ್ಧತಿಯಲ್ಲೇ ಓದು ಎಂದು ಹೇಳಿದಂತೆ. ಇಲ್ಲವೇ ಡೇಟ್‌ಗೆ ಕೊಡುವ ಫಾರ್ಮ್ಯಾಟಿನಲ್ಲಿ ಶೇಕಡಾ ಚಿಹ್ನೆಗೂ ಡಿ ಅಕ್ಷರಕ್ಕೂ ನಡುವೆ ಒಂದು ಮೈನಸ್ ಹಾಕಿ, ಸೊನ್ನೆ ಬರುವುದೇ ಇಲ್ಲ. ನನ್ನನ್ನು ಕೇಳಿದರೆ ದಿನ, ತಿಂಗಳು ಎಂದು ಬಿಡಿಸಿ ಲೆಕ್ಕ ಮಾಡುವ ಅಭ್ಯಾಸವೇ ಬೇಡ. ಇಡೀ ತಾರೀಕನ್ನು 20250131 ಎಂಬ ಎಂಟು ಅಂಕಿಯ ಒಂದೇ ಸಂಖ್ಯೆಯಾಗಿ ತೆಗೆದುಕೊಳ್ಳಿ. ವರ್ಷ ಮೊದಲು ಬರುವುದರಿಂದ ದೊಡ್ಡ ಸಂಖ್ಯೆ ಎಂದರೆ ಮುಂದಿನ ದಿನ. ಹೋಲಿಸುವುದು ಸುಲಭ, ಹೆಸರಿನ ಪ್ರಕಾರ ಸಾರ್ಟ್ ಮಾಡಿದರೂ ಕಾಲದ ಪ್ರಕಾರವೇ ಸಾಲು ನಿಲ್ಲುತ್ತದೆ.

ಅಂದ ಹಾಗೆ, ಡೇಟ್ ಕಮ್ಯಾಂಡನ್ನು ಕ್ರಾನಿನ ಪಟ್ಟಿಯಾದ ಕ್ರಾನ್‌ಟ್ಯಾಬಿನ ಸಾಲಿನಲ್ಲೇ ನೇರ ಬರೆಯಬೇಡಿ. ಅಲ್ಲಿ ಶೇಕಡಾ ಚಿಹ್ನೆಗೆ ಹೊಸ ಸಾಲು ಎಂಬ ಅರ್ಥ ಇದೆ. ಬರೆಯಲೇಬೇಕಾದರೆ ಪ್ರತಿ ಶೇಕಡಾದ ಹಿಂದೆ ಬ್ಯಾಕ್‌ಸ್ಲ್ಯಾಷ್ ಬೇಕು.

ರಾತ್ರಿ 2 ಗಂಟೆಯನ್ನೂ ಬಿಟ್ಟುಬಿಡಿ. ಮಧ್ಯಾಹ್ನ ಊಟದ ಹೊತ್ತಿಗೆ, 1 ಗಂಟೆಗೆ ಓಡಿಸಿ. ರಾತ್ರಿ ಆಫ್ ಇದ್ದ ಯಂತ್ರದ ಸರದಿಯನ್ನು ಕ್ರಾನ್ ಬೆಳಗ್ಗೆ ಹಿಂದೆ ತಿರುಗಿ ನೋಡುವುದಿಲ್ಲ, ತಪ್ಪಿದ್ದು ತಪ್ಪಿದ ಹಾಗೆಯೇ. ತಪ್ಪಿದ್ದನ್ನು ಆಮೇಲೆ ಓಡಿಸಲು ಅನಾಕ್ರಾನ್ ಬೇಕು, ಇಲ್ಲವೇ ಉಬುಂಟುವಿನ ಸಿಸ್ಟಂಡಿ ಟೈಮರಿನಲ್ಲಿ ಪರ್ಸಿಸ್ಟೆಂಟ್ ಎಂಬ ಆಯ್ಕೆ. ಇನ್ನೊಂದು ಕಾರಣವೂ ಇದೆ. ನಾಳೆ ಈ ಫೈಲುಗಳನ್ನು ಹೊರಗಿನ ಸರ್ವರಿಗೆ ಕಳಿಸಿದಿರಿ ಎಂದುಕೊಳ್ಳಿ. ಅಲ್ಲಿ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ರಾತ್ರಿ 2 ಗಂಟೆ ಅಲ್ಲಿ ಹಿಂದಿನ ದಿನದ ರಾತ್ರಿ 8:30. ಒಂದೇ ಬ್ಯಾಕಪ್‌ಗೆ ಇಲ್ಲೊಂದು ತಾರೀಕು, ಅಲ್ಲೊಂದು ತಾರೀಕು. ಮಧ್ಯಾಹ್ನವಾದರೆ ಎರಡೂ ಕಡೆ ಒಂದೇ ದಿನ. ಒಂದು ದಿನಕ್ಕೆ 86400 ಸೆಕೆಂಡುಗಳನ್ನು ಕೂಡಿಸುತ್ತಾ ಹೋಗುವ ಲೆಕ್ಕ ನಮ್ಮ ದೇಶದಲ್ಲಿ ನಡೆಯುತ್ತದೆ, ಏಕೆಂದರೆ ಇಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ. ಅಮೆರಿಕದ ಟೈಮ್‌ಝೋನ್ ಇಟ್ಟ ಸರ್ವರಿನಲ್ಲಿ ವರ್ಷಕ್ಕೆ ಒಂದು ದಿನ 23 ಗಂಟೆಯದು, ಇನ್ನೊಂದು ದಿನ 25 ಗಂಟೆಯದು. ನಡುರಾತ್ರಿಯಿಂದ ಸೆಕೆಂಡು ಕೂಡಿಸಿದವರಿಗೆ ಆಗ ತಾರೀಕೇ ತಪ್ಪುತ್ತದೆ, ಮಧ್ಯಾಹ್ನದಿಂದ ಕೂಡಿಸಿದವರಿಗೆ ತಪ್ಪುವುದಿಲ್ಲ.

ಆದರೆ ಗಂಟೆಯನ್ನೂ ಸೇರಿಸಿ ಬರೆಯುವಾಗ ಒಂದು ಗುಂಡಿ ಇದೆ. '2025-01-31 12:00 +3 ಡೇಸ್' ಎಂದು ಕೊಟ್ಟರೆ ಗ್ನೂ ಡೇಟ್ ಆ +3 ಅನ್ನು ಟೈಮ್‌ಝೋನ್ ಎಂದು ಓದುತ್ತದೆ. ಉಳಿದ 'ಡೇಸ್' ಎಂಬುದಕ್ಕೆ ಒಂದು ದಿನ ಕೂಡಿಸುತ್ತದೆ. ಉತ್ತರ ಬರುತ್ತದೆ, ಎರರ್ ಇಲ್ಲ, ತಾರೀಕು ಮಾತ್ರ ತಪ್ಪು. ಗಂಟೆ ಮೊದಲು, ತಾರೀಕು ಆಮೇಲೆ, ಕೂಡುವ ದಿನ ಕೊನೆಗೆ. ಈ ಸಾಲಿನಲ್ಲಿ ಬರೆದರೆ ಗೊಂದಲ ಇಲ್ಲ.

ಇಷ್ಟು ನೀವು ಕೇಳಿದ್ದಕ್ಕೆ. ನಿಮ್ಮ ಪ್ರಶ್ನೆ ಓದುವಾಗ ನನಗೆ ಹೆದರಿಕೆಯಾದದ್ದು ಬೇರೆ ಕಡೆ.

ಮಾರ್ಚ್ ಕೊನೆಗೆ ಶಾಲೆ ಮುಚ್ಚುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಕಂಪ್ಯೂಟರ್ ಆಫ್. ಜೂನ್ ಮೊದಲಿಗೆ ಶಾಲೆ ತೆರೆದು ನೀವು ಸ್ವಿಚ್ ಹಾಕುತ್ತೀರಿ. ಆ ಹೊತ್ತಿಗೆ ದಿನದ ಬ್ಯಾಕಪ್‌ಗಳ ತಾರೀಕು ಒಂದೂ ಬಿಡದೆ ದಾಟಿಹೋಗಿದೆ. ನಿಮ್ಮ ಸ್ಕ್ರಿಪ್ಟ್ ಮೊದಲು ಹಳೆಯದನ್ನು ಅಳಿಸಿ ಆಮೇಲೆ ಹೊಸದನ್ನು ಮಾಡುವುದಾದರೆ, ಆ ಕೆಲವು ನಿಮಿಷ ನಿಮ್ಮ ಹತ್ತಿರ ದಿನದ ಬ್ಯಾಕಪ್ ಎಂಬುದು ಒಂದೂ ಇಲ್ಲ. ಎರಡು ತಿಂಗಳು ಸೆಕೆ ಮತ್ತು ತೇವದಲ್ಲಿ ಕೂತ ಹಾರ್ಡ್‌ಡಿಸ್ಕ್ ಕೈಕೊಡುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕೀತೇ? ಮಳೆಗಾಲ ಶುರುವಾಗುವ ಸಮಯ ಬೇರೆ, ಕರೆಂಟ್ ಯಾವಾಗ ಹೋಗುತ್ತದೆ ಎಂದು ಯಾರೂ ಹೇಳಲಾರರು. ಇಲ್ಲಿ ತಾರೀಕಿನ ಲೆಕ್ಕ ನೂರಕ್ಕೆ ನೂರು ಸರಿ ಇದೆ. ಆದರೂ ಬ್ಯಾಕಪ್ ಹೋಯಿತು.

ಆದ್ದರಿಂದ ಕ್ರಮ ಬದಲಿಸಿ. ಮೊದಲು ಹೊಸ ಬ್ಯಾಕಪ್ ಮಾಡಿ. ಅದು ಸೊನ್ನೆ ಬೈಟಿನದ್ದಲ್ಲ ಎಂದು ನೋಡಿ. ಫೈಲು ಕುಗ್ಗಿಸುವ ಕಮ್ಯಾಂಡಾದ ಜಿಜಿಪ್‌ಗೆ ಮೈನಸ್ ಟಿ ಕೊಟ್ಟು ಫೈಲು ಮುರಿದಿಲ್ಲ ಎಂದು ಪರೀಕ್ಷಿಸಿ. ಪಾಸಾದರೆ ಮಾತ್ರ ಅಳಿಸುವ ಭಾಗಕ್ಕೆ ಹೋಗಿ, ಇಲ್ಲದಿದ್ದರೆ ಅಲ್ಲೇ ಎಕ್ಸಿಟ್. ಎರಡನೆಯದು, ತಾರೀಕು ಏನೇ ಹೇಳಲಿ, ಹೊಸದಾದ ಹತ್ತು ಫೈಲುಗಳನ್ನು ಮುಟ್ಟಲೇಬಾರದು. ಇದು ಕಷ್ಟದ ಕೆಲಸ ಅಲ್ಲ. ಹೆಸರು ತಾರೀಕಿನಿಂದ ಶುರುವಾಗುತ್ತಿದ್ದರೆ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್‌ಗೆ ಮೈನಸ್ ಆರ್ ಕೊಟ್ಟಾಗ ಹೊಸದು ಮೇಲೆ ಬರುತ್ತದೆ. ಅದನ್ನು ಪಟ್ಟಿಯ ಕೊನೆಯ ಭಾಗ ತೆಗೆಯುವ ಟೇಲ್‌ಗೆ ದಾಟಿಸಿ, ಮೈನಸ್ ಎನ್ ಮುಂದೆ +11 ಎಂದು ಬರೆದರೆ ಹನ್ನೊಂದನೆಯದರಿಂದ ಕೆಳಗಿನವು ಮಾತ್ರ ಸಿಗುತ್ತವೆ. ಅವುಗಳಲ್ಲಿ ತಾರೀಕು ದಾಟಿದವು ಇದ್ದರೆ ಅಳಿಸಿ. ಓಣಂ ರಜೆ ಬರಲಿ, ಬೇಸಿಗೆ ರಜೆ ಬರಲಿ, ಹತ್ತು ಉಳಿದೇ ಉಳಿಯುತ್ತವೆ. ದಿನದ್ದು, ತಿಂಗಳದ್ದು, ವರ್ಷದ್ದು ಮೂರಕ್ಕೂ ಬೇರೆ ಬೇರೆ ಫೋಲ್ಡರ್ ಮಾಡಿ, ಒಂದರ ಲೆಕ್ಕ ಇನ್ನೊಂದಕ್ಕೆ ಸೇರಬಾರದು.

ಮೂರನೆಯ ಕಾವಲು ಗಡಿಯಾರಕ್ಕೆ. ಹಳೆಯ ಕಂಪ್ಯೂಟರ್ ಎಂದಿರಿ. ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಹೆಚ್ಚಾಗಿ ಸಿಆರ್ 2032. ಕರೆಂಟ್ ಇಲ್ಲದಾಗ ಗಡಿಯಾರ ನಡೆಯುವುದು ಅದರಿಂದಲೇ. ಅದು ಸತ್ತರೆ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ತಾರೀಕಿನಲ್ಲಿ ಎದ್ದು ಕೂರಬಹುದು. ಇಂಟರ್‌ನೆಟ್ ಸಿಕ್ಕಿದ ಮೇಲೆ ಉಬುಂಟು ಸಮಯ ಸರಿಮಾಡಿಕೊಳ್ಳುತ್ತದೆ, ಆದರೆ ಅದಕ್ಕೂ ಮೊದಲು ಬ್ಯಾಕಪ್ ಓಡಿದರೆ? ಆ ಫೈಲಿಗೆ ಹುಟ್ಟುವಾಗಲೇ ಅವಧಿ ಮುಗಿದಿರುತ್ತದೆ. ಮರುದಿನ ಗಡಿಯಾರ ಸರಿಯಾದ ಕೂಡಲೇ ಅದು ಕಸ. ಇದಕ್ಕಿಂತ ಕೆಟ್ಟದ್ದು ಗಡಿಯಾರ ಮುಂದಕ್ಕೆ ಹಾರುವುದು. ಯಾರೋ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್) ತಾರೀಕು ಸರಿಮಾಡಲು ಹೋಗಿ 2025ರ ಜಾಗದಲ್ಲಿ 2052 ಎಂದು ಒತ್ತಿದರೆ ನಿಮ್ಮ ಹತ್ತು ವರ್ಷದ ಮಾರ್ಚ್ ಫೈಲುಗಳಿಗೂ ಕಾಲ ಬಂತು ಎಂದೇ ಸ್ಕ್ರಿಪ್ಟ್ ತಿಳಿಯುತ್ತದೆ.

ಹೀಗೆ ಮಾಡಿ. ಅಳಿಸುವ ಮೊದಲು, ಇರುವುದರಲ್ಲಿ ಇತ್ತೀಚಿನ ಹಳೆಯ ಬ್ಯಾಕಪ್‌ನ ತಾರೀಕನ್ನು ಇವತ್ತಿನ ತಾರೀಕಿನೊಂದಿಗೆ ಹೋಲಿಸಿ. ಇವತ್ತು ಅದಕ್ಕಿಂತ ಹಿಂದಿದ್ದರೆ ಗಡಿಯಾರ ಕೆಟ್ಟಿದೆ. ನೂರು ದಿನಕ್ಕಿಂತ ಮುಂದಿದ್ದರೂ ಅನುಮಾನ ಪಡಿ, ಏಕೆಂದರೆ ನಿಮ್ಮ ಅತಿ ಉದ್ದದ ರಜೆಯೂ ಅಷ್ಟಿಲ್ಲ. ಎರಡರಲ್ಲಿ ಯಾವುದೇ ಆದರೂ, ಬ್ಯಾಕಪ್ ಮಾತ್ರ ಮಾಡಿ, ಅಳಿಸಬೇಡಿ, ಒಂದು ಸಾಲು ಲಾಗ್ ಬರೆದು ಸುಮ್ಮನಿರಿ. ಈ ಹೋಲಿಕೆಗೆ ಮಾತ್ರ ಎಂಟಂಕಿಯ ಸಂಖ್ಯೆಗಳನ್ನು ಒಂದರಿಂದ ಒಂದು ಕಳೆಯಬೇಡಿ. 20250201ರಿಂದ 20250131 ಕಳೆದರೆ 70 ಬರುತ್ತದೆ, ನಿಜವಾದ ಅಂತರ ಒಂದು ದಿನ. ದಿನದ ಅಂತರ ಬೇಕಾದರೆ ಎರಡೂ ತಾರೀಕಿನ ಮಧ್ಯಾಹ್ನವನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡಿಗೆ ಬದಲಿಸಿ, ಕಳೆದು, 86400ರಿಂದ ಭಾಗಿಸಿ. ಫಾರ್ಮ್ಯಾಟಿನಲ್ಲಿ ಶೇಕಡಾ ಮತ್ತು ಸಣ್ಣ ಎಸ್ ಕೊಟ್ಟರೆ ಆ ಸೆಕೆಂಡು ಸಿಗುತ್ತದೆ.

ಫೈಲಿನ ಹೆಸರಲ್ಲಿ ತಾರೀಕು ಬರೆಸಿದ್ದು ಒಳ್ಳೆಯ ಕೆಲಸ. ತುಂಬಾ ಜನ ಫೈಲು ಕೊನೆಗೆ ಬದಲಾದ ಸಮಯ ನೋಡುವ, ಫೈಂಡ್ ಕಮ್ಯಾಂಡಿನ ಎಂಟೈಮ್ +30 ನಂಬುತ್ತಾರೆ. ಅದು 24 ಗಂಟೆಯ ಕಟ್ಟುಗಳಲ್ಲಿ ಎಣಿಸಿ ಉಳಿದ ಭಾಗವನ್ನು ಬಿಟ್ಟುಬಿಡುತ್ತದೆ. ಹಾಗಾಗಿ +30 ಎಂದರೆ ನಿಜದಲ್ಲಿ 31 ದಿನ ತುಂಬಿದ್ದು. ಅದಾದರೂ ಪರವಾಗಿಲ್ಲ. ಹೊಸ ಡಿಸ್ಕಿಗೆ ಸಿಪಿಯಿಂದ ಸುಮ್ನೆ ಕಾಪಿ ಮಾಡಿದರೆ ಎಲ್ಲ ಫೈಲಿನ ಸಮಯವೂ ಇವತ್ತಿನದಾಗುತ್ತದೆ, ಆಮೇಲೆ ಯಾವುದು ಹಳೆಯದು ಎಂದು ಅದಕ್ಕೆ ಗೊತ್ತೇ ಆಗುವುದಿಲ್ಲ. ಹೆಸರಾದರೆ ಎಲ್ಲಿಗೆ ಹೋದರೂ ಜೊತೆಗೇ ಹೋಗುತ್ತದೆ. ನನ್ನದೊಂದು ತಿದ್ದುಪಡಿ ಮಾತ್ರ: ಮಾಡಿದ ತಾರೀಕು ಮೊದಲು, ಇಡಬೇಕಾದ ತಾರೀಕು ಆಮೇಲೆ, ಎರಡನ್ನೂ ಬರೆಸಿ. ನಾಳೆ ನಿಮಗೆ ವರ್ಗವಾಗಿ ಬೇರೆಯವರು ಆ ಕುರ್ಚಿಗೆ ಬಂದರೆ ಸ್ಕ್ರಿಪ್ಟ್ ಓದದೆಯೇ ಅವರಿಗೆ ಅರ್ಥವಾಗಬೇಕು.

ಆ ಫೋಲ್ಡರಿನಲ್ಲಿ ಯಾರಾದರೂ ತಾರೀಕಿಲ್ಲದ ಫೈಲು ಇಟ್ಟರೆ ಏನಾಗುತ್ತದೆ ಎಂದೂ ನೋಡಿ. ತಾರೀಕು ತೆಗೆಯಲು ಹೋದಾಗ ಖಾಲಿ ಸಿಗುತ್ತದೆ. ಖಾಲಿ ಪದವನ್ನು ಪದವಾಗಿ ಹೋಲಿಸಿದರೆ ಅದು ಎಲ್ಲಕ್ಕಿಂತ ಚಿಕ್ಕದು, ಅಂದರೆ ಅವಧಿ ಮುಗಿದದ್ದು, ಅಂದರೆ ಅಳಿಸು! ಎಂಟು ಅಂಕಿ ಸಿಗದಿದ್ದರೆ ಆ ಫೈಲನ್ನು ಬಿಟ್ಟು ಮುಂದೆ ಹೋಗು ಎಂದು ಒಂದು ಷರತ್ತು ಬೇಕೇ ಬೇಕು.

ತಿಂಗಳ ಕೊನೆಯ ಬ್ಯಾಕಪ್ ಬಗ್ಗೆ. 'ನಾಳೆಯ ತಾರೀಕು 01 ಆದರೆ ಇವತ್ತು ತಿಂಗಳ ಕೊನೆ' ಎಂಬ ಉಪಾಯ ಚೆಂದವಾಗಿದೆ, ಲೆಕ್ಕವೂ ಸರಿ. ಆದರೆ 2024ರ ಮಾರ್ಚ್ 31 ಭಾನುವಾರ. ನಿಮ್ಮ ಶಾಲೆಯಲ್ಲಿ ಅವತ್ತು ಕಂಪ್ಯೂಟರೇ ಆನ್ ಇರಲಿಕ್ಕಿಲ್ಲ. ಹತ್ತು ವರ್ಷ ಇಡಬೇಕಾದ ಫೈಲು ಹುಟ್ಟಲೇ ಇಲ್ಲ. 'ಇವತ್ತು ಕೊನೆಯ ದಿನವೇ?' ಎಂದು ಕೇಳುವ ಬದಲು 'ಈ ತಿಂಗಳದ್ದು ಆಗಿದೆಯೇ?' ಎಂದು ಕೇಳಿ. 2025ರ ಆಗಸ್ಟಿನಲ್ಲಾದರೆ 202508 ಎಂದು ಶುರುವಾಗುವ ಫೈಲು ತಿಂಗಳ ಫೋಲ್ಡರಿನಲ್ಲಿ ಇಲ್ಲದಿದ್ದರೆ ಇವತ್ತಿನ ಬ್ಯಾಕಪ್ಪನ್ನೇ ಅಲ್ಲಿಗೂ ಒಂದು ಕಾಪಿ ಹಾಕಿ. ತಿಂಗಳ ಮೊದಲ ಕೆಲಸದ ದಿನದ್ದು ತನ್ನಿಂದ ತಾನೇ ಸಿಗುತ್ತದೆ, ಯಾವ ರಜೆಯ ಪಟ್ಟಿಯೂ ಬೇಡ. ವರ್ಷದ್ದಕ್ಕೆ ಮಾರ್ಚ್ 20ರಿಂದ ಆಚೆಗೆ ಸಿಕ್ಕಿದ ಪ್ರತಿ ದಿನವೂ ಬರೆಯಿರಿ, ಹೊಸದು ಬಂದ ಮೇಲೆ ಹಿಂದಿನದನ್ನು ತೆಗೆಯಿರಿ. ಕೊನೆಗೆ ಉಳಿದದ್ದೇ ಆ ವರ್ಷದ್ದು.

ಹತ್ತು ವರ್ಷ ಎಂದಾಗ ಇನ್ನೊಂದು ಗಡಿ ನೆನಪಾಗುತ್ತದೆ. 32 ಬಿಟ್‌ನ ಹಳೆಯ ಸಿಸ್ಟಂಗಳಲ್ಲಿ 1970ರಿಂದ ಎಣಿಸುವ ಆ ಸೆಕೆಂಡಿನ ಎಣಿಕೆ 2038ರ ಜನವರಿ 19ಕ್ಕೆ, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷಕ್ಕೆ, ತುಂಬಿಬಿಡುತ್ತದೆ. ಅಷ್ಟು ದೂರ ಯಾಕೆ ಯೋಚಿಸಬೇಕು ಎನ್ನಬೇಡಿ. 2028ರ ಮಾರ್ಚ್ 31ರಂದು ನೀವು ಹತ್ತು ವರ್ಷ ಕೂಡಿಸಿದರೆ ಉತ್ತರ 2038ರ ಮಾರ್ಚ್. ಮುಂದಿನ ತಾರೀಕು ಬರೆಯುವವರಿಗೆ ಆ ತೊಂದರೆ ಹತ್ತು ವರ್ಷ ಮೊದಲೇ ಬರುತ್ತದೆ. ಯುನೇಮ್ ಮೈನಸ್ ಎಂ ಎಂದು ಹೊಡೆದು ನೋಡಿ. ಎಕ್ಸ್86_64 ಎಂದು ಬಂದರೆ 64 ಬಿಟ್, ಚಿಂತೆ ಬೇಡ. ಐ686 ಎಂದು ಬಂದರೆ 32 ಬಿಟ್, ಆಗ 2040ರ ಒಂದು ತಾರೀಕು ಕೇಳಿ ನೋಡಿ, ಡೇಟ್ ಒಪ್ಪದಿದ್ದರೆ ಯಂತ್ರ ಬದಲಿಸುವ ಕಾಲವಾಯಿತು.

ಮ್ಯಾಕ್‌ನಲ್ಲಿ ಓಡದಿರುವುದಕ್ಕೆ ಕಾರಣ ಆಗಲೇ ಹೇಳಿದೆ, ಅದರ ಡೇಟ್ ಬೇರೆ. ಅಲ್ಲಿ ಮೈನಸ್ ವಿ, ಅದಕ್ಕೆ ಅಂಟಿಕೊಂಡು +31ಡಿ ಎಂದು ಬರೆಯಬೇಕು. ಹೋಂಬ್ರೂ ಎಂಬ ಸಾಫ್ಟ್‌ವೇರ್ ಹಾಕುವ ಸಾಧನದ ಮೂಲಕ ಕೋರ್‌ಯುಟಿಲ್ಸ್ (ಡೇಟ್, ಎಲ್‌ಎಸ್‌ನಂಥ ಮೂಲ ಕಮ್ಯಾಂಡುಗಳ ಕಟ್ಟು) ಹಾಕಿಕೊಂಡರೆ ಜಿಡೇಟ್ ಎಂಬ ಹೆಸರಲ್ಲಿ ಗ್ನೂ ಡೇಟೇ ಸಿಗುತ್ತದೆ. ಸಣ್ಣ ನೆಟ್‌ವರ್ಕ್ ಸ್ಟೋರೇಜ್ ಡಬ್ಬಿಗಳಲ್ಲಿ ಬಿಝಿಬಾಕ್ಸ್ ಎಂಬ ಚಿಕ್ಕ ಕಮ್ಯಾಂಡ್ ಕಟ್ಟು ಇದ್ದರೆ 'ಪ್ಲಸ್ 31 ಡೇಸ್' ಎಂಬ ಮಾತೇ ಅದಕ್ಕೆ ತಿಳಿಯುವುದಿಲ್ಲ. ಅಲ್ಲಿ ಸೆಕೆಂಡಿನ ಲೆಕ್ಕ ಮಾಡಿ, ಬಂದ ಸಂಖ್ಯೆಯ ಹಿಂದೆ @ ಚಿಹ್ನೆ ಹಾಕಿ ಮೈನಸ್ ಡಿಗೆ ಕೊಡಬೇಕು. ಉಬುಂಟು ಎಂದರೆ ಯಾವಾಗಲೂ ಗ್ನೂ ಎಂದೂ ಈಗ ಹೇಳುವಂತಿಲ್ಲ. 25.10 ಆವೃತ್ತಿಯಲ್ಲಿ ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ಕೋರ್‌ಯುಟಿಲ್ಸ್ ಬಂತು. ಅದರ ಡೇಟ್‌ನಲ್ಲಿದ್ದ ಒಂದು ದೋಷದಿಂದ ತಾನಾಗಿ ಅಪ್‌ಡೇಟ್ ಆಗುವ ವ್ಯವಸ್ಥೆಯೇ ಕೆಲವು ಕಾಲ ನಿಂತಿತ್ತು. ಆವೃತ್ತಿ ಬದಲಿಸಿದ ದಿನ ಸ್ಕ್ರಿಪ್ಟನ್ನು ಮತ್ತೊಮ್ಮೆ ಪರೀಕ್ಷೆ ಮಾಡಿ.

ಪರೀಕ್ಷೆಗೆ ಜನವರಿ 31 ಬರುವವರೆಗೆ ಕಾಯಬೇಕಾಗಿಲ್ಲ. ಸ್ಕ್ರಿಪ್ಟಿನೊಳಗೆ ಹತ್ತು ಕಡೆ ಡೇಟ್ ಕರೆಯುವುದನ್ನು ಬಿಟ್ಟು, ಮೇಲೆ ಒಂದೇ ಕಡೆ 'ಇವತ್ತು' ಎಂಬ ವೇರಿಯಬಲ್ ಇಡಿ. ಹೊರಗಿನಿಂದ ತಾರೀಕು ಕೊಟ್ಟರೆ ಅದು, ಇಲ್ಲದಿದ್ದರೆ ನಿಜವಾದ ಇವತ್ತು. ಆರ್‌ಎಂ (ಅಳಿಸುವ ಕಮ್ಯಾಂಡ್) ಇರುವ ಜಾಗದಲ್ಲೆಲ್ಲ ತಾತ್ಕಾಲಿಕವಾಗಿ ಎಕೋ ಹಾಕಿ, ಯಾವ ಫೈಲನ್ನು ಅಳಿಸುತ್ತಿತ್ತು ಎಂದು ಹೆಸರು ಮಾತ್ರ ತೋರಿಸಲಿ. ಜನವರಿ 31, ಯಾವುದಾದರೂ ತಿಂಗಳ 8, ಮಾರ್ಚ್ 31, ಜೂನ್ 1, 2028ರ ಫೆಬ್ರವರಿ 29, ಆಮೇಲೆ ಬೇಕೆಂದೇ 2052ರ ಒಂದು ದಿನ ಕೊಟ್ಟು ಓಡಿಸಿ. ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರದ ಕೈಟ್ ಗ್ನೂ ಲಿನಕ್ಸ್ ಇರುವುದರಿಂದ ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆ ಟರ್ಮಿನಲ್ ಹೊಸದಲ್ಲ. ಈ ಕೆಲಸವನ್ನು ಅವರಿಗೇ ಬಿಟ್ಟು ನೋಡಿ, ನಾವು ಯೋಚಿಸದ ತಾರೀಕುಗಳನ್ನು ಅವರು ಹುಡುಕಿ ಕೊಡುತ್ತಾರೆ. ಓಣಂ ಪರೀಕ್ಷೆಯ ಅಂಕಪಟ್ಟಿಯನ್ನು ಒಂದು ಸಲ ಬ್ಯಾಕಪ್‌ನಿಂದಲೇ ಬಿಚ್ಚಿ ತೆರೆದೂ ನೋಡಿ. ಜಿಜಿಪ್ ಸರಿ ಎಂದ ಫೈಲಿನೊಳಗೆ ತಪ್ಪು ಫೋಲ್ಡರ್ ಇರಬಹುದು, ಅದು ಗೊತ್ತಾಗುವುದು ತೆರೆದಾಗಲೇ.